ಹನಿಮೂನ್‌ಗೂ ಆಫ್ರಿಕಾ, ಸೇವೆಗೂ ಆಫ್ರಿಕಾ: ಮೊದಲು ಚುಚ್ಚುಮದ್ದು, ಆಮೇಲೆ ಟಿಕೆಟ್

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 27 ವರ್ಷ. ಊರು ಉಡುಪಿ ಹತ್ತಿರ. ನರ್ಸಿಂಗ್ ಓದಿ ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೇನೆ. ಈ ಜನವರಿಯಲ್ಲಿ ಮದುವೆಯಾಯಿತು. ಗಂಡ ಮಂಗಳೂರಿನವರು, ಆಸ್ಪತ್ರೆಯ ಯಂತ್ರಗಳ ರಿಪೇರಿ ಅವರ ಕೆಲಸ. ಸೆಪ್ಟೆಂಬರ್‌ನಿಂದ ಎರಡು ವರ್ಷ ಪಶ್ಚಿಮ ಉಗಾಂಡಾದ ಒಂದು ಮಿಷನ್ ಆಸ್ಪತ್ರೆಯಲ್ಲಿ ಸೇವೆ ಮಾಡಲು ಇಬ್ಬರೂ ಆಯ್ಕೆಯಾಗಿದ್ದೇವೆ. ಅದಕ್ಕೆ ಮೊದಲು ಜೂನ್‌ನಲ್ಲಿ ಮೂರು ವಾರ ಕೀನ್ಯಾ, ಜಾಂಜಿಬಾರ್, ಉಗಾಂಡಾದ ಜಿಂಜಾ ಸುತ್ತಿ ಬರುವ ಆಸೆ. ಜುಲೈನಲ್ಲಿ ನಾದಿನಿಯ ಮದುವೆ, ಹಾಗಾಗಿ ವಾಪಸ್ ಬರಲೇಬೇಕು. ಯೆಲ್ಲೋ ಫೀವರ್ (ಸೊಳ್ಳೆಯಿಂದ ಹರಡುವ ಹಳದಿ ಜ್ವರ) ಚುಚ್ಚುಮದ್ದು ತಗೊಂಡ್ರೆ ಮಕ್ಕಳಾಗಲ್ಲ ಅಂತ ಅತ್ತೆಗೆ ಯಾರೋ ಹೇಳಿದ್ದಾರೆ. ಚುಚ್ಚಿಸಿಕೊಳ್ಳದೆ, ಲಸಿಕೆ ಆಗಿದೆ ಅಂತ ತೋರಿಸುವ ಹಳದಿ ಕಾರ್ಡ್ ಮಾತ್ರ ಮಾಡಿಸಿಕೊಡ್ತೀನಿ ಅಂತ ಒಬ್ಬ ಏಜೆಂಟ್ ಹೇಳಿದ. ದೇವರ ಕೆಲಸಕ್ಕೆ ಹೋಗುವವರಿಗೆ ಇದೆಲ್ಲ ಯಾಕೆ ಅಂತ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರ ಮಾತು. ನನ್ನ ಗಂಡನಿಗೆ ಚಿಕ್ಕಂದಿನಲ್ಲಿ ಮೂರು ಸಲ ಮಲೇರಿಯಾ ಬಂದಿತ್ತು, ಹಾಗಾಗಿ ತನಗೆ ಮಾತ್ರೆ ಬೇಡ ಅಂತಾರೆ. ಇನ್ನೊಂದು ವಿಷಯ. ಉಗಾಂಡಾ ತನಕ ಹೋಗ್ತೇವಲ್ಲ, ಒಂದು ವಾರ ಆ ಆಸ್ಪತ್ರೆಯಲ್ಲೇ ಕೆಲಸ ಮಾಡೋಣ, ಭಾನುವಾರ ಅಲ್ಲಿನ ಸಭೆಗಳಲ್ಲಿ ಮಾತಾಡೋಣ ಅಂತ ಅವರ ಹಟ. ನನಗೆ ಆ ಮೂರು ವಾರ ನಾವಿಬ್ಬರೇ ಇರಬೇಕು ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೇ ತಪ್ಪು ಮಾಡಿದ ಹಾಗಾಗುತ್ತದೆ. ಸಭೆಯವರು ಕಾಣಿಕೆ ಕೊಟ್ಟು ಕಳಿಸುವಾಗ ನಾವು ಸುತ್ತಾಡೋದು ಸರಿಯಾ? ಮಗುವಿನ ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲ. ಪಾಸ್‌ಪೋರ್ಟ್‌ನಲ್ಲಿ ನನ್ನ ತವರಿನ ಹೆಸರೇ ಇದೆ, ಅದನ್ನು ಬದಲಾಯಿಸಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಒಂದು ಮೈಗೆ ಸಂಬಂಧಪಟ್ಟದ್ದು: ಚುಚ್ಚುಮದ್ದು, ಮಲೇರಿಯಾ, ಮಗು. ಇನ್ನೊಂದು ನಿಮ್ಮಿಬ್ಬರ ಮಧ್ಯೆ ಇರುವ ಮಾತು: ಈ ಮೂರು ವಾರ ರಜೆಯೋ, ಸೇವೆಯ ಮೊದಲ ಕಂತೋ. ನಾನು ಪೂರ್ವ ಆಫ್ರಿಕಾದ ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದವಳು. ಈಗ ಹೊರದೇಶಕ್ಕೆ ಹೋಗುವವರ ಆರೋಗ್ಯ ನೋಡಿಕೊಳ್ಳೋದೇ ನನ್ನ ಕೆಲಸ. ಹೊಸದಾಗಿ ಮದುವೆಯಾಗಿ ಸೇವೆಗೆ ಹೊರಟ ಜೋಡಿಗಳು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ, ಮತ್ತು ಹೆಚ್ಚಿನವರಲ್ಲಿ ಈ ಎರಡು ಚಿಂತೆ ಒಟ್ಟಿಗೇ ಇರುತ್ತವೆ. ಮೊದಲು ಮೈಯ ವಿಷಯ ಮುಗಿಸೋಣ, ಯಾಕೆಂದರೆ ಅದಕ್ಕೆ ಕ್ಯಾಲೆಂಡರ್ ಇದೆ, ಅದು ನಮಗಾಗಿ ಕಾಯುವುದಿಲ್ಲ.

ಯೆಲ್ಲೋ ಫೀವರ್ ಚುಚ್ಚುಮದ್ದಿನಿಂದ ಬಂಜೆತನ ಬರುವುದಿಲ್ಲ. ಈ ಮಾತನ್ನು ಅತ್ತೆಗೆ ನನ್ನ ಹೆಸರು ಹೇಳಿಯೇ ತಿಳಿಸಿ. ಆದರೆ ಅವರ ಭಯ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಇದು ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ವೈರಸ್ಸನ್ನೇ ಮೈಗೆ ಕೊಡುತ್ತಾರೆ. ಹಾಗಾಗಿ ಬಸುರಿ ಹೆಂಗಸರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ತಗೊಂಡ ಮೇಲೆ ನಾಲ್ಕು ವಾರ ಗರ್ಭ ಧರಿಸಬೇಡಿ ಅನ್ನುತ್ತೇವೆ. ಈ ನಾಲ್ಕು ವಾರದ ಎಚ್ಚರಿಕೆ ಬಾಯಿಂದ ಬಾಯಿಗೆ ಹೋಗಿ ಮಕ್ಕಳೇ ಆಗಲ್ಲ ಅನ್ನುವಲ್ಲಿಗೆ ಮುಟ್ಟಿದೆ. ನಿಮ್ಮ ಪಾಲಿಗೆ ಇದರ ಅರ್ಥ ಇಷ್ಟೇ: ಚುಚ್ಚಿಸಿಕೊಳ್ಳುವ ದಿನ ನೀವು ಬಸುರಿಯಲ್ಲ ಅಂತ ಖಚಿತವಾಗಿರಬೇಕು, ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು ಹೋಗಿ. ಆಮೇಲೆ ಒಂದು ತಿಂಗಳು ಕಾಂಡೋಮ್ ಆಗಲಿ ಬೇರೇನೇ ಆಗಲಿ ಸರಿಯಾಗಿ ಬಳಸಿ. ಎರಡು ಮೂರು ದಿನ ಸಣ್ಣ ಜ್ವರ, ಮೈಕೈ ನೋವು ಬರಬಹುದು. ಗಂಭೀರ ತೊಂದರೆ ಅಪರೂಪ, ಲಕ್ಷಕ್ಕೆ ಒಂದರ ಆಸುಪಾಸು. ಮೊಟ್ಟೆಯ ಅಲರ್ಜಿ ಜೋರಾಗಿದ್ದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಮದ್ದು ತಗೊಳ್ಳುವವರು, ಥೈಮಸ್ ಗ್ರಂಥಿಯ ಕಾಯಿಲೆ ಇದ್ದವರು ಮೊದಲೇ ಹೇಳಬೇಕು.

ಕಾರ್ಡ್ ಮಾತ್ರ ಮಾಡಿಸಿಕೊಡ್ತೀನಿ ಅಂದ ಏಜೆಂಟನ ನಂಬರ್ ಇವತ್ತೇ ಫೋನಿನಿಂದ ತೆಗೆದುಹಾಕಿ. ಅದು ಸುಳ್ಳು ದಾಖಲೆ. ಅದಕ್ಕಿಂತ ಮುಖ್ಯವಾಗಿ, ಈ ರೋಗ ಜೋರಾದರೆ ಯಕೃತ್ತು, ಮೂತ್ರಪಿಂಡ ಎರಡನ್ನೂ ಹಾಳು ಮಾಡುತ್ತದೆ, ಮತ್ತು ಇದನ್ನೇ ಕೊಲ್ಲುವ ಔಷಧಿ ಅಂತ ಇಲ್ಲ. ಅಸಲಿ ಲಸಿಕೆ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಮೊದಲೇ ಸಮಯ ಗೊತ್ತುಮಾಡಿಕೊಂಡು ಪಾಸ್‌ಪೋರ್ಟ್ ತಗೊಂಡು ಹೋಗಬೇಕು. ಬಾಟಲಿಯೊಂದರಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ತೆರೆದ ಮೇಲೆ ಜಾಸ್ತಿ ಹೊತ್ತು ಇಡುವ ಹಾಗಿಲ್ಲ, ಅದಕ್ಕೇ ಅವರು ಜನರನ್ನು ಒಟ್ಟು ಮಾಡಿ ಗೊತ್ತಾದ ದಿನಗಳಲ್ಲಿ ಕೊಡುತ್ತಾರೆ. ಕೊನೇ ವಾರ ಓಡಿ ಹೋದರೆ ಆಗುವುದಿಲ್ಲ.

ಈಗ ನಾದಿನಿಯ ಮದುವೆಗೆ ಬರೋಣ. ಚುಚ್ಚಿಸಿಕೊಂಡ 10 ದಿನದ ನಂತರವೇ ಆ ಹಳದಿ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. 2016ರಿಂದ ಅದು ಜೀವಮಾನಪೂರ್ತಿ ನಡೆಯುತ್ತದೆ, ಮತ್ತೆ ಮತ್ತೆ ಬೇಡ. ಉಗಾಂಡಾ ಪ್ರವೇಶಿಸಲು ಕಾರ್ಡ್ ಬೇಕೇ ಬೇಕು. ಕೀನ್ಯಾ, ಉಗಾಂಡಾದಿಂದ ಬಂದವರನ್ನು ಜಾಂಜಿಬಾರ್‌ನಲ್ಲೂ ಕೇಳುತ್ತಾರೆ. ಆದರೆ ಜನ ಮರೆಯುವುದು ವಾಪಸ್ ಬರುವ ಹೊತ್ತಿನ ನಿಯಮವನ್ನು. ನಮ್ಮ ದೇಶದಲ್ಲಿ ಈ ರೋಗ ಇಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಬೇಕಾದಷ್ಟಿದೆ. ಡೆಂಗಿ ಹರಡುವ ಅದೇ ಸೊಳ್ಳೆ. ಅದಕ್ಕೇ ಭಾರತ ಈ ವಿಷಯದಲ್ಲಿ ಬಿಗಿ. ಆ ದೇಶಗಳಿಂದ ಸರಿಯಾದ ಕಾರ್ಡ್ ಇಲ್ಲದೆ ಬಂದರೆ ವಿಮಾನ ನಿಲ್ದಾಣದಿಂದಲೇ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಮನೆಯಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರ ನಡೆಯುವಾಗ ಅಣ್ಣ ಅತ್ತಿಗೆ ಇಬ್ಬರೂ ಕ್ವಾರಂಟೈನ್‌ನಲ್ಲಿ ಕೂತಿರುವುದು ಯಾರಿಗೂ ಬೇಡ, ಅಲ್ವಾ?

ಇನ್ನೊಂದು ಲಸಿಕೆಯನ್ನು ಇದರ ಜೊತೆಗೇ ಯೋಚಿಸಿ. ನೀವು ನರ್ಸ್, ಮಗು ಬೇಕು ಅನ್ನುವ ವಯಸ್ಸು. ರುಬೆಲ್ಲಾ ವಿರುದ್ಧ ನಿಮಗೆ ರಕ್ಷಣೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆ ತಗೊಳ್ಳಬೇಕು. ಅದೂ ಜೀವಂತ ಲಸಿಕೆಯೇ. ಇಂಥ ಎರಡು ಲಸಿಕೆಗಳನ್ನು ಸಾಮಾನ್ಯವಾಗಿ ಒಂದೇ ದಿನ ಕೊಡಬೇಕು, ಇಲ್ಲವೇ ಮಧ್ಯೆ ನಾಲ್ಕು ವಾರ ಬಿಡಬೇಕು. ಈ ನಾಲ್ಕು ವಾರಗಳ ಲೆಕ್ಕ ತಪ್ಪಿದಾಗಲೇ ಪ್ರಯಾಣದ ತಾರೀಕು ತಲೆಕೆಳಗಾಗೋದು. ಹೆಪಟೈಟಿಸ್ ಬಿ ಮೂರು ಡೋಸ್ ಆಗಿದ್ದರೂ ಆಸ್ಪತ್ರೆ ಕೆಲಸದವರಾದ್ದರಿಂದ ಇಬ್ಬರೂ ಟೈಟರ್, ಅಂದರೆ ರಕ್ತದಲ್ಲಿ ರಕ್ಷಣೆ ಎಷ್ಟಿದೆ ಅನ್ನುವ ಪರೀಕ್ಷೆ, ನೋಡಿಸಿ. ಟೈಫಾಯ್ಡ್, ಹೆಪಟೈಟಿಸ್ ಎ, ಟಿಟಿ, ಮುಂಚಿತವಾಗಿ ಕೊಡುವ ರೇಬೀಸ್ ಲಸಿಕೆ, ಇವು ಜೀವಂತ ಲಸಿಕೆಗಳಲ್ಲ ಅಥವಾ ಹಾಗಲ್ಲದ ಬಗೆ ಸಿಗುತ್ತದೆ. ಅವಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸಭೆಯ ಹಿರಿಯರ ಮಾತಿಗೆ ನಾನು ಒರಟಾಗಿ ಉತ್ತರ ಕೊಡಲಾರೆ, ಅವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಬೈಬಲಿನಲ್ಲಿ ಅಪೊಸ್ತಲ ಪೌಲನ ಜೊತೆಗಾರ ಲೂಕನೇ ವೈದ್ಯ. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಹೇಳಿದ್ದು ಮದ್ದನ್ನೇ, ಸುಮ್ನೆ ಪ್ರಾರ್ಥನೆ ಮಾಡು ಅಂತ ಮಾತ್ರ ಅಲ್ಲ. ನಮ್ಮ ಕಡೆಯ ಕತೆಯನ್ನೇ ನೋಡಿ. ಕನ್ನಡ ನಿಘಂಟಿನ ಕಿಟೆಲ್ ಅವರು 1860ರಲ್ಲಿ ಪೌಲೀನ್ ಅವರನ್ನು ಮದುವೆಯಾದರು, 1864ರಲ್ಲಿ ಪೌಲೀನ್ ತೀರಿಕೊಂಡರು. ಆ ಕಾಲದ ಮಿಷನರಿ ಮನೆಗಳಲ್ಲಿ ಹೆಂಡತಿ ಮಕ್ಕಳನ್ನು ಹೀಗೆ ಕಳೆದುಕೊಂಡವರು ಬಹಳ. ಅವರ ಭಕ್ತಿಗೆ ಏನೂ ಕಡಿಮೆ ಇರಲಿಲ್ಲ, ಇಲ್ಲದಿದ್ದದ್ದು ಈಗ ನಮಗಿರುವ ಲಸಿಕೆ, ಮಾತ್ರೆ, ತಿಳಿವಳಿಕೆ. ಸಿಕ್ಕಿದ್ದನ್ನು ಬಳಸಿಕೊಳ್ಳುವುದು ನಂಬಿಕೆಯ ಕೊರತೆ ಅಲ್ಲವೇ ಅಲ್ಲ.

ಇನ್ನು ಮಲೇರಿಯಾ. ನಿಮ್ಮ ಗಂಡನ ಮಾತು ಮಂಗಳೂರಿನ ಬಹಳ ಜನ ಆಡುವ ಮಾತು, ಮತ್ತು ನನಗೆ ಇಡೀ ಪತ್ರದಲ್ಲಿ ಅತಿ ಹೆಚ್ಚು ಭಯ ಹುಟ್ಟಿಸಿದ ಮಾತು ಅದೇ. ಮಂಗಳೂರಿನಲ್ಲಿ ಹೆಚ್ಚಾಗಿ ಬರೋದು ವೈವಾಕ್ಸ್ ಮಲೇರಿಯಾ. ನಡುಗಿಸುತ್ತದೆ, ಸುಸ್ತು ಮಾಡುತ್ತದೆ, ಮರುಕಳಿಸುತ್ತದೆ, ಆದರೆ ಸಾಯಿಸುವುದು ಕಡಿಮೆ. ಉಗಾಂಡಾದಲ್ಲಿ ಇರುವುದು ಬಹುಪಾಲು ಫಾಲ್ಸಿಪೇರಂ. ಅದು ಒಂದೆರಡು ದಿನದಲ್ಲೇ ಮಿದುಳಿಗೆ ಏರಬಹುದು. ವೈವಾಕ್ಸ್ ಬಂದು ಹೋದವರಿಗೆ ಫಾಲ್ಸಿಪೇರಂನಿಂದ ರಕ್ಷಣೆ ಸಿಗುತ್ತದೆ ಅಂತ ನಂಬಿ ಕೂರುವಂತಿಲ್ಲ. ಬಾಲ್ಯದಲ್ಲಿ ಬಂದ ಅಲ್ಪಸ್ವಲ್ಪ ನಿರೋಧಕ ಶಕ್ತಿಯೂ ಸೋಂಕಿಲ್ಲದ ವರ್ಷಗಳಲ್ಲಿ ಕರಗಿಹೋಗುತ್ತದೆ. ಅವರಿಗೂ ಮಾತ್ರೆ ಬೇಕು, ನಿಮಗೆಷ್ಟು ಬೇಕೋ ಅಷ್ಟೇ. ಸೊಳ್ಳೆ ಕಚ್ಚದಿರಲಿ ಅಂತ ಬೆಳ್ಳುಳ್ಳಿ ತಿನ್ನೋದು, ಬಿ ವಿಟಮಿನ್ ನುಂಗೋದು, ಸಕ್ಕರೆ ಗುಳಿಗೆ ತಗೊಳ್ಳೋದು ಇವ್ಯಾವುದೂ ಮಲೇರಿಯಾ ತಡೆಯುವುದಿಲ್ಲ.

ಯಾವ ಮಾತ್ರೆ? ಆರು ವಾರದೊಳಗಿನ ಪ್ರಯಾಣಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಕೊಡುತ್ತೇವೆ. ದಿನಕ್ಕೆ 100 ಮಿಲಿಗ್ರಾಂ. ಹೊರಡುವ ಎರಡು ದಿನ ಮೊದಲು ಶುರು, ಅಲ್ಲಿಂದ ಬಂದ ಮೇಲೂ ನಾಲ್ಕು ವಾರ. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಹನಿಮೂನ್‌ಗೆ ಹೊರಟವರಿಗೆ ಇದರ ಮೂರು ತೊಂದರೆ ಬಿಡಿಸಿ ಹೇಳಬೇಕು. ಒಂದು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಜಾಂಜಿಬಾರ್ ಕಡಲ ತೀರದಲ್ಲಿ ಮಧ್ಯಾಹ್ನ ಮಲಗಿದರೆ ಸಂಜೆ ಹೆಗಲು ಮುಟ್ಟಲಾಗದ ಹಾಗೆ ಆಗಬಹುದು, ಹಾಗಾಗಿ ಟೋಪಿ, ಉದ್ದ ತೋಳು, ಸನ್‌ಸ್ಕ್ರೀನ್. ಎರಡು, ಹೆಂಗಸರಿಗೆ ಬಿಳಿ ಹೋಗುವುದು, ತುರಿಕೆ ಶುರುವಾಗಬಹುದು. ಮದುವೆಯಾದ ಹೊಸದರಲ್ಲಿ ಉರಿಮೂತ್ರವೂ ಸಾಮಾನ್ಯ. ಎರಡೂ ಸೇರಿದರೆ ಪ್ರವಾಸ ಪೂರ್ತಿ ಹಿಂಸೆ. ಎರಡಕ್ಕೂ ಮದ್ದು ಇಲ್ಲಿಂದಲೇ ಬರೆಸಿಕೊಂಡು ಹೋಗಿ, ಮಾತಾಡಲು ನಾಚಿಕೆ ಬೇಡ. ಮೂರು, ಈ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಬಾರದು. ಅದು ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಎದೆ ಸೀಳುವ ಹಾಗೆ ನೋವು, ಹಾರ್ಟ್ ಅಟ್ಯಾಕ್ ಅಂದುಕೊಂಡು ಓಡಿಬಂದ ಹುಡುಗಿಯರನ್ನು ನೋಡಿದ್ದೇನೆ. ಊಟದ ನಂತರ, ಒಂದು ಲೋಟ ತುಂಬ ನೀರು, ಆಮೇಲೆ ಅರ್ಧ ಗಂಟೆಯಾದರೂ ಕೂತಿರಿ ಇಲ್ಲವೇ ಓಡಾಡಿ. ಹಾಲು, ಕಬ್ಬಿಣದ ಮಾತ್ರೆ, ಆಸಿಡಿಟಿ ಮಾತ್ರೆ ಅದೇ ಹೊತ್ತಿಗೆ ಬೇಡ.

ಬಸುರಿಯಾದರೆ ಡಾಕ್ಸಿಸೈಕ್ಲಿನ್ ಬೇಡ. ಆಗ ಮೆಫ್ಲೋಕ್ವಿನ್ ಇದೆ, ವಾರಕ್ಕೊಂದು ಮಾತ್ರೆ, ಎರಡು ಮೂರು ವಾರ ಮೊದಲೇ ಶುರು ಮಾಡಬೇಕು. ದೀರ್ಘಕಾಲ ಇರುವವರಿಗೂ ಅದನ್ನೇ ಹೇಳುತ್ತೇವೆ. ಆದರೆ ಕೆಲವರಿಗೆ ಕೆಟ್ಟ ಕನಸು, ನಿದ್ದೆಗೇಡು, ಮಂಕು ಬರುತ್ತದೆ. ಹಿಂದೆ ಖಿನ್ನತೆ, ಆತಂಕ, ಫಿಟ್ಸ್ ಇದ್ದವರಿಗೆ ಕೊಡುವುದೇ ಇಲ್ಲ. ಗಂಡನಿಗೂ ನಿಮಗೂ ಅಂಥದ್ದೇನಾದರೂ ಇತ್ತಾ ಅಂತ ಪರಸ್ಪರ ಕೇಳಿಕೊಳ್ಳಿ. ಮದುವೆ ಮಾತುಕತೆಯಲ್ಲಿ ಮುಚ್ಚಿಟ್ಟ ಹಳೇ ವಿಷಯ ಇಂಥ ಹೊತ್ತಲ್ಲಿ ಹೊರಬರುವುದುಂಟು. ಬಂದರೆ ಒಳ್ಳೆಯದೇ, ಡಾಕ್ಟರಿಗೆ ಹೇಳಿ. ಸೇವೆಯ ಎರಡು ವರ್ಷ ಪೂರ್ತಿ ಮಾತ್ರೆ ನುಂಗಬೇಕಾ ಅನ್ನುವುದನ್ನು ಅಲ್ಲಿನ ಆಸ್ಪತ್ರೆಯ ವೈದ್ಯರ ಜೊತೆ ಕೂತು ತೀರ್ಮಾನಿಸಿ. ನನ್ನ ಸಲಹೆ, ಮೊದಲ ಕೆಲವು ತಿಂಗಳು ಮತ್ತು ಬಸುರಿಯಾಗುವ ಆಲೋಚನೆ ಇರುವಾಗ ಬಿಡಲೇಬೇಡಿ. ಬಸುರಿಯಲ್ಲಿ ಫಾಲ್ಸಿಪೇರಂ ಬಂದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಮಾತ್ರೆ ತಗೊಂಡರೂ ಸೊಳ್ಳೆ ಪರದೆ ಬೇಕು. ಮಲೇರಿಯಾ ಸೊಳ್ಳೆ ಕಚ್ಚೋದು ಸಂಜೆಯಿಂದ ಬೆಳಗಿನ ಜಾವದವರೆಗೆ. ಲಾಡ್ಜ್‌ಗಳಲ್ಲಿ ಪರದೆ ಚಂದಕ್ಕೆ ಗಂಟು ಹಾಕಿ ಮೇಲೆ ಕಟ್ಟಿರುತ್ತಾರೆ. ಕತ್ತಲಾಗುವ ಮೊದಲೇ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ಸೊಳ್ಳೆ ಇದೆಯಾ ನೋಡಿ, ಅಂಚನ್ನು ನೆಲದವರೆಗೆ ಇಳಿಬಿಡದೆ ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ. ತೂತಿದ್ದರೆ ಸೂಜಿ ದಾರ ತೆಗೆದು ಹೊಲಿಯಿರಿ, ಹೊಲಿಯಲು ಆಗದಿದ್ದರೆ ಟೇಪ್ ಅಂಟಿಸಿ. ರಾತ್ರಿ ತೋಳು, ಮೊಣಕಾಲು ಪರದೆಗೆ ಒತ್ತಿಕೊಂಡಿರದ ಹಾಗೆ ಮಲಗಿ, ಹೊರಗಿನಿಂದಲೇ ಕಚ್ಚುತ್ತವೆ.

ವಾಪಸ್ ಬಂದ ಮೇಲಿನ ಮಾತು ಒಂದಿದೆ. ಜುಲೈ ಅಂದರೆ ನಮ್ಮ ಕಡೆ ಮಳೆ, ಮನೆಮನೆಯಲ್ಲಿ ಜ್ವರ. ಮದುವೆ ಗಡಿಬಿಡಿಯಲ್ಲಿ ನಿಮ್ಮಲ್ಲೊಬ್ಬರಿಗೆ ಜ್ವರ ಬಂದರೆ ಎಲ್ಲರೂ ವೈರಲ್ ಜ್ವರ, ಡೆಂಗಿ ಅಂತ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಆಫ್ರಿಕಾದಿಂದ ಬಂದಿದ್ದೇವೆ ಅಂತ ಬಾಯಿಬಿಟ್ಟು ಹೇಳಿ ಅದೇ ದಿನ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಮೊದಲ ಸಲ ನೆಗೆಟಿವ್ ಬಂದರೂ ಜ್ವರ ಬಿಡದಿದ್ದರೆ ಮತ್ತೆ ಮಾಡಿಸಿ.

ಜಿಂಜಾ ಬಗ್ಗೆ ಬರೆದಿದ್ದೀರಿ. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವ ಜಾಗ, ನೋಡಲೇಬೇಕಾದ್ದು. ನೋಡಿ, ದೋಣಿಯಲ್ಲಿ ಹೋಗಿ, ಆದರೆ ದಡದ ನಿಂತ ನೀರಲ್ಲಿ ಈಜಬೇಡಿ, ಕಾಲು ಇಳಿಬಿಟ್ಟು ಕೂರಬೇಡಿ. ಅಲ್ಲಿನ ಬಸವನಹುಳುಗಳಲ್ಲಿ ಬೆಳೆಯುವ ಸಣ್ಣ ಪರೋಪಜೀವಿ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಬಿಲ್‌ಹಾರ್ಜಿಯಾ ಅಂತಾರೆ. ಗೊತ್ತಾದರೆ ಮಾತ್ರೆಯಿಂದ ವಾಸಿಯಾಗುತ್ತದೆ, ಗೊತ್ತಾಗದೆ ವರ್ಷಗಟ್ಟಲೆ ಉಳಿದರೆ ಕರುಳು, ಯಕೃತ್ತು ಕೆಡುತ್ತವೆ. ಊಟದ ಬಗ್ಗೆ ಜಾಸ್ತಿ ಹೆದರಬೇಕಿಲ್ಲ. ಉಗಾಂಡಾದ ಬೀದಿಬೀದಿಯಲ್ಲಿ ಚಪಾತಿ ಸಿಗುತ್ತದೆ, ಅದರೊಳಗೆ ಮೊಟ್ಟೆ ಸುತ್ತಿ ರೋಲೆಕ್ಸ್ ಅಂತ ಮಾರುತ್ತಾರೆ, ಕಣ್ಣೆದುರೇ ಬಿಸಿಬಿಸಿ ಮಾಡಿಕೊಟ್ಟರೆ ಧಾರಾಳವಾಗಿ ತಿನ್ನಿ. ನಿಜವಾದ ಅಪಾಯ ರಸ್ತೆಯಲ್ಲಿದೆ. ಬೋಡಾ ಬೋಡಾ ಅನ್ನುವ ಬೈಕ್ ಟ್ಯಾಕ್ಸಿಗಳಿಂದ ಬಿದ್ದು ಕಾಲು ಮುರಿದು, ತಲೆ ಒಡೆದು ಬರುವವರಿಂದಲೇ ಅಲ್ಲಿನ ಆಸ್ಪತ್ರೆಗಳ ವಾರ್ಡ್ ತುಂಬಿರುತ್ತದೆ, ನಾಳೆ ನೀವೇ ಅವರಿಗೆ ಡ್ರೆಸ್ಸಿಂಗ್ ಮಾಡುತ್ತೀರಿ. ಇಬ್ಬರೂ ಒಂದೇ ಬೈಕಿನ ಹಿಂದೆ ಕೂರಬೇಡಿ, ಹೆಲ್ಮೆಟ್ ಇಲ್ಲದೆ ಹತ್ತಲೇಬೇಡಿ, ಊರಿಂದೂರಿಗೆ ರಾತ್ರಿ ಪ್ರಯಾಣ ಬೇಡ. ಇನ್ನು ಉಗಾಂಡಾದಲ್ಲಿ ಎಬೋಲಾ ಆಗಾಗ ಕಾಣಿಸಿಕೊಂಡಿದೆ, 2022ರಲ್ಲಿ ಮತ್ತು 2025ರ ಆರಂಭದಲ್ಲಿ ಕೂಡ. ಹೊರಡುವ ವಾರ ಅಲ್ಲಿನ ಸ್ಥಿತಿ ಏನು ಅಂತ ಆಸ್ಪತ್ರೆಯವರನ್ನೇ ಕೇಳಿ.

ಈಗ ನಿಮ್ಮಿಬ್ಬರ ಮಾತಿಗೆ ಬರುತ್ತೇನೆ.

ನಿಮ್ಮ ಗಂಡನ ಉತ್ಸಾಹ ನನಗೆ ಅರ್ಥವಾಗುತ್ತದೆ, ಅಂಥ ಉತ್ಸಾಹ ಇಲ್ಲದವರು ಮಿಷನ್ ಆಸ್ಪತ್ರೆಗೆ ಹೋಗುವುದೂ ಇಲ್ಲ. ಆದರೆ ಈ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಮೊದಲ ಕಾರಣ ಕಾನೂನು. ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ ಒಂದೇ ಪ್ರವಾಸಿ ವೀಸಾ ಇದೆ, 100 ಡಾಲರ್, 90 ದಿನ. ಅದರಲ್ಲಿ ಕೆಲಸ ಮಾಡುವಂತಿಲ್ಲ. ಸಂಬಳ ಇಲ್ಲ, ಬರೀ ಸಹಾಯ ಅಂದರೂ ಅದು ಕೆಲಸವೇ. ನಮ್ಮ ದೇಶವೂ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಮಿಷನರಿ ಕೆಲಸಕ್ಕೆ ಬಿಡುವುದಿಲ್ಲ, ಅದಕ್ಕೆ ಬೇರೆಯೇ ವೀಸಾ ಇದೆ. ಅಲ್ಲೂ ಹಾಗೇ. ನಿಮ್ಮ ಕೆಲಸದ ಪರ್ಮಿಟ್‌ಗೆ ಆ ಆಸ್ಪತ್ರೆಯವರೇ ದಾರಿ ಮಾಡಬೇಕು. ನೀವು ನರ್ಸ್ ಆದ್ದರಿಂದ ಉಗಾಂಡಾದ ನರ್ಸ್ ಮತ್ತು ಮಿಡ್‌ವೈಫ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಅದಕ್ಕೆ ಮೊದಲು ಒಬ್ಬ ರೋಗಿಗೆ ನೀವು ಒಂದು ಇಂಜೆಕ್ಷನ್ ಕೊಟ್ಟು ಏನಾದರೂ ಹೆಚ್ಚುಕಡಿಮೆಯಾದರೆ, ನಿಮ್ಮ ಹಿಂದೆ ನಿಲ್ಲಲು ಯಾವ ಕಾಗದವೂ ಇರುವುದಿಲ್ಲ. ಪ್ರವಾಸಿ ವಿಮೆಯೂ ಕೈಕೊಡುತ್ತದೆ. ಜೂನ್‌ನ ಒಂದು ವಾರದ ಆತುರಕ್ಕೆ ಎರಡು ವರ್ಷದ ಪರ್ಮಿಟ್ ಕಳೆದುಕೊಂಡರೆ ಆಸ್ಪತ್ರೆಗೇ ನಷ್ಟ. ಭಾನುವಾರ ಸಭೆಗೆ ಹೋಗಿ ಕೂತು ಆರಾಧಿಸಿ, ಎಲ್ಲರಿಗೂ ಕೈಕುಲುಕಿ ಬನ್ನಿ. ಪ್ರಸಂಗ ಸೆಪ್ಟೆಂಬರ್ ನಂತರ ಇರಲಿ.

ಎರಡನೇ ಕಾರಣ ನನಗೆ ಇನ್ನೂ ದೊಡ್ಡದು. ಮಿಷನ್ ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿ ಹೊಸ ಜೋಡಿಗೆ ಏಕಾಂತ ಅನ್ನೋದು ಸಿಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿಯುತ್ತಾರೆ, ಹೆರಿಗೆ ಅಂತ ಹೆಂಡತಿಯನ್ನು ಕರೆಯುತ್ತಾರೆ, ಜನರೇಟರ್ ಕೆಟ್ಟಿದೆ ಅಂತ ಗಂಡನನ್ನು ಕರೆಯುತ್ತಾರೆ. ಜಗಳವಾದರೆ ತವರಿಗೆ ಹೋಗಿ ಎರಡು ದಿನ ಇದ್ದು ಬರುವ ಹಾಗಿಲ್ಲ. ಅಲ್ಲಿ ಅರ್ಧಕ್ಕೇ ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರನ್ನು ಮನೆಗೆ ಕಳಿಸಿದ್ದು ರೋಗ ಅಲ್ಲ, ಇಬ್ಬರ ಮಧ್ಯೆ ಮಾತು ನಿಂತುಹೋಗಿದ್ದು. ಆ ಮಾತು ಹುಟ್ಟಿ ಬೆಳೆಯಲು ಸಮಯ ಬೇಕು. ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದ 5ನೇ ವಚನ ಇಬ್ಬರೂ ಒಟ್ಟಿಗೆ ಓದಿ. ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಯುದ್ಧಕ್ಕೂ ಕಳಿಸಬೇಡಿ, ಬೇರೆ ಹೊರೆಯನ್ನೂ ಹೊರಿಸಬೇಡಿ, ಅವನು ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಲಿ ಅನ್ನುತ್ತದೆ ಅದು. ನೀವು ಕೇಳುತ್ತಿರುವುದು ಮೂರು ವಾರ ಮಾತ್ರ.

ಉಗಾಂಡಾದ್ದೇ ಉದಾಹರಣೆ ಬೇಕಾದರೆ ಕಂಪಾಲಾದ ಮೆಂಗೋ ಆಸ್ಪತ್ರೆ ನೋಡಿ. 1897ರಲ್ಲಿ ಅದನ್ನು ಶುರು ಮಾಡಿದ್ದು ಡಾ. ಆಲ್ಬರ್ಟ್ ಕುಕ್. ಅದೇ ತಂಡದಲ್ಲಿ ಬಂದ ನರ್ಸ್ ಕ್ಯಾಥರೀನ್ ಟಿಂಪ್ಸನ್ ಅವರನ್ನು 1900ರಲ್ಲಿ ಮದುವೆಯಾದರು. ಮುಂದೆ ಉಗಾಂಡಾದ ಹೆಣ್ಣುಮಕ್ಕಳಿಗೆ ಹೆರಿಗೆ ಮಾಡಿಸುವ ತರಬೇತಿ ಶಾಲೆ ಕಟ್ಟುವುದರಲ್ಲಿ ಕ್ಯಾಥರೀನ್ ಅವರ ಪಾತ್ರ ದೊಡ್ಡದು. ಆ ಸೇವೆ ಗಂಡನದ್ದು ಮಾತ್ರ ಆಗಿರಲಿಲ್ಲ. ನಿಮ್ಮ ಮನೆಯಲ್ಲೂ ಹೆಂಡತಿಗೆ ಏನು ಬೇಕು ಅನ್ನುವುದು ಲೆಕ್ಕಕ್ಕೆ ಬರಲೇಬೇಕು.

ದುಡ್ಡಿನ ವಿಷಯ ಚಿಕ್ಕದು. ಸಭೆ ಕೊಟ್ಟ ಕಾಣಿಕೆಯ ಒಂದು ರೂಪಾಯಿಯೂ ಪ್ರವಾಸಕ್ಕೆ ಹೋಗಬಾರದು. ಬೇರೆ ಖಾತೆಯಲ್ಲಿಡಿ. ನಿಮ್ಮ ಸಂಬಳದ ಉಳಿತಾಯ, ಮದುವೆಯಲ್ಲಿ ಬಂದ ಮುಯ್ಯಿಯ ಹಣ ನಿಮ್ಮದು. ಸಭಾಪಾಲಕರಿಗೆ ನೀವೇ ಹೋಗಿ ಹೇಳಿ: ಜೂನ್‌ನಲ್ಲಿ ನಮ್ಮ ದುಡ್ಡಲ್ಲಿ ಹೋಗಿಬರುತ್ತಿದ್ದೇವೆ ಅಂತ. ಫೋಟೋ ನೋಡಿ ಗೊತ್ತಾಗೋದಕ್ಕಿಂತ ನೀವೇ ಹೇಳುವುದು ಮೇಲು.

ಇನ್ನು ಪ್ರವಾಸ ಯಾವಾಗ, ಎಲ್ಲಿಗೆ? ನಿಮ್ಮ ಯೋಜನೆಯ ಹಾಗೇ ಜೂನ್‌ನಲ್ಲಿ ಹೋಗಬಹುದು. ಈಗ ಏಪ್ರಿಲ್, ಸಮಯ ಇದೆ. ಆದರೆ ವಿಮಾನದ ಖರ್ಚು ಎರಡು ಸಲ, ಮಾತ್ರೆಯ ಕೋರ್ಸೂ ಎರಡು ಸಲ, ಮತ್ತು ಡಾಕ್ಸಿಸೈಕ್ಲಿನ್‌ನ ಕೊನೇ ನಾಲ್ಕು ವಾರ ನಾದಿನಿಯ ಮದುವೆ ಮೇಲೆ ಬೀಳುತ್ತದೆ. ಹಾಗೆ ಹೋಗುವುದಾದರೆ ಕೀನ್ಯಾ, ಉಗಾಂಡಾ ಮುಗಿಸಿ ಕೊನೆಗೆ ಜಾಂಜಿಬಾರ್‌ಗೆ ಹೋಗಿ. ಜಾಂಜಿಬಾರ್ ಇರುವುದು ಟಾಂಜಾನಿಯಾದಲ್ಲಿ, ಆ ದೇಶ ಮೊದಲು ಹೇಳಿದ ಮೂರು ದೇಶಗಳ ವೀಸಾದೊಳಗೆ ಬರುವುದಿಲ್ಲ, ಮಧ್ಯದಲ್ಲಿ ಅಲ್ಲಿಗೆ ಹೋದರೆ ವಾಪಸ್ ಒಳಬರಲು ತೊಡಕು. ಜಾಂಜಿಬಾರ್‌ಗೆ ಹೋಗುವ ವಿದೇಶಿಯರು 2024ರ ಅಕ್ಟೋಬರ್‌ನಿಂದ ಅಲ್ಲಿನದೇ ವಿಮೆ ಕೊಳ್ಳಬೇಕು, ಒಬ್ಬರಿಗೆ 44 ಡಾಲರ್, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೇ ದಾರಿ, ಜೂನ್‌ನಲ್ಲಿ ಮಲೇರಿಯಾ ಇಲ್ಲದ ಕಡೆ ಹೋಗುವುದು. ಶ್ರೀಲಂಕಾವನ್ನು 2016ರಲ್ಲಿ, ಈಜಿಪ್ಟನ್ನು 2024ರಲ್ಲಿ ಮಲೇರಿಯಾಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ. ಮಾತ್ರೆಯ ಗೋಜಿಲ್ಲ, ಹಳದಿ ಕಾರ್ಡಿನ ಆತುರವಿಲ್ಲ. ಕೀನ್ಯಾ, ಉಗಾಂಡಾದ ಕಾಡುಗಳನ್ನು ಅಲ್ಲಿಗೆ ಹೋಗಿ ನೆಲೆಸಿದ ಮೇಲೆ ರಜೆಯಲ್ಲಿ ನೋಡಬಹುದು. ಪರ್ಮಿಟ್ ಇಟ್ಟುಕೊಂಡು ಅಲ್ಲೇ ವಾಸಿಸುವ ವಿದೇಶಿಯರಿಗೆ ಉಗಾಂಡಾದ ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಶುಲ್ಕವೂ ಕಡಿಮೆ.

ಮೂರನೆಯದು, ನಾದಿನಿಯ ಮದುವೆ ಮುಗಿಸಿ ಆಗಸ್ಟ್ ಮಧ್ಯದಲ್ಲಿ ಒಮ್ಮೆಗೇ ಹೊರಟುಬಿಡುವುದು. ಎರಡು ವಾರ ಕೀನ್ಯಾ, ಜಾಂಜಿಬಾರ್ ಸುತ್ತಿ ನೇರ ಉಗಾಂಡಾ. ಮಾಸಾಯಿ ಮಾರಾದಲ್ಲಿ ಕಾಡುಕೋಣದಂಥ ವಿಲ್ಡಬೀಸ್ಟ್ ಹಿಂಡುಗಳು ನದಿ ದಾಟುವ ಕಾಲವೂ ಅದೇ. ಹಾಗಾಗಿ ಲಾಡ್ಜ್ ದುಬಾರಿ. ಒಂದೇ ಟಿಕೆಟ್, ಒಂದೇ ಕೋರ್ಸ್ ಮಾತ್ರೆ, ಮೆಫ್ಲೋಕ್ವಿನ್ ಒಗ್ಗುವುದಾದರೆ ಅದನ್ನೇ ಮುಂದುವರಿಸಬಹುದು. ಅಪಾಯ ಒಂದೇ, ಪರ್ಮಿಟ್ ತಡವಾದರೆ ಪ್ರವಾಸಿ ವೀಸಾದಲ್ಲೇ ಒಳಹೋಗಿ ಕೆಲಸ ಶುರು ಮಾಡಿ, ಆಮೇಲೆ ಸರಿ ಮಾಡಿಕೊಳ್ಳೋಣ ಅನ್ನುವ ಒತ್ತಡ ಬರುತ್ತದೆ. ಅದಕ್ಕೆ ಬಗ್ಗಬೇಡಿ. ಪರ್ಮಿಟ್ ಮಂಜೂರಾದ ಕಾಗದ ಜುಲೈ ಕೊನೆಯೊಳಗೆ ಕೈಗೆ ಬಂದರೆ ನಾನು ಮೂರನೇ ದಾರಿ ಆರಿಸುತ್ತೇನೆ. ಬರುವ ಲಕ್ಷಣ ಇಲ್ಲದಿದ್ದರೆ ಎರಡನೆಯದು. ಯಾವ ದಾರಿಯಾದರೂ ಯೆಲ್ಲೋ ಫೀವರ್ ಚುಚ್ಚುಮದ್ದು ಈ ತಿಂಗಳೇ ತಗೊಳ್ಳಿ. ಬಸುರಿಯಾದ ಮೇಲೆ ಅದು ಸುಲಭವಿಲ್ಲ, ಕಾರ್ಡ್ ಇಲ್ಲದೆ ಉಗಾಂಡಾ ಇಲ್ಲ.

ನಡುವೆ ಮಗು ನಿಂತರೆ? ಅದು ಸೇವೆಗೆ ಅಡ್ಡಿ ಅಂತ ಯಾರೂ ನಿಮ್ಮ ಮುಖ ಸಣ್ಣದು ಮಾಡಬಾರದು. ಮಿಷನ್‌ನವರಿಗೆ ತಕ್ಷಣ ಹೇಳಿ, ಹೆರಿಗೆ ಎಲ್ಲಿ, ವಿಮೆ ಏನು ಅಂತ ಬರಹದಲ್ಲಿ ಕೇಳಿ, ಬೇಕಾದರೆ ಹೊರಡುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಸಾಮಾನ್ಯ ಪ್ರವಾಸಿ ವಿಮೆಯಲ್ಲಿ ಬಸಿರು, ಹೆರಿಗೆ ಹೆಚ್ಚಾಗಿ ಸೇರಿರುವುದಿಲ್ಲ. ದೊಡ್ಡ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಖರ್ಚು ಒಳಗೊಂಡ ವಿಮೆಯನ್ನೇ ನೋಡಿ. ನೈರೋಬಿಯ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಆ ಭಾಗದಲ್ಲಿ ಇಂಥ ಸೇವೆ ಕೊಡುತ್ತದೆ. ಮಗುವಿನ ಯೋಚನೆ ಶುರುವಾದ ದಿನದಿಂದಲೇ ಫೋಲಿಕ್ ಆಸಿಡ್ ಮಾತ್ರೆ ತಗೊಳ್ಳಿ.

ಕೊನೆಗೆ ಪಾಸ್‌ಪೋರ್ಟ್. ಮದುವೆಯಾದ ಮೇಲೆ ಹೆಸರು ಬದಲಾಯಿಸಲೇಬೇಕು ಅಂತ ಕಾನೂನಿಲ್ಲ, ತವರಿನ ಹೆಸರಲ್ಲೇ ಪ್ರಯಾಣ ಮಾಡಬಹುದು. ಈಗ ಬದಲಾಯಿಸಲು ಹೊರಟರೆ ಹೊಸ ಪಾಸ್‌ಪೋರ್ಟ್ ಆಗಬೇಕು, ಆಗ ನರ್ಸಿಂಗ್ ಕೌನ್ಸಿಲ್ ದಾಖಲೆ, ಪದವಿ ಪ್ರಮಾಣಪತ್ರ, ಪರ್ಮಿಟ್ ಅರ್ಜಿ ಎಲ್ಲದರಲ್ಲೂ ಹೆಸರು ಬೇರೆಬೇರೆಯಾಗಿ ತಲೆನೋವು. ಸುಮ್ನೆ ಇದ್ದ ಹಾಗೇ ಇರಲಿ. ನೀವಿಬ್ಬರು ದಂಪತಿ ಅಂತ ತೋರಿಸಲು ಚರ್ಚಿನ ಮದುವೆ ಪ್ರಮಾಣಪತ್ರದ ಜೊತೆಗೆ ರಿಜಿಸ್ಟ್ರಾರ್ ಕಚೇರಿಯ ಪ್ರಮಾಣೀಕೃತ ಪ್ರತಿಯೂ ಇರಲಿ. ಅದಕ್ಕೆ ಯಾವ ಬಗೆಯ ದೃಢೀಕರಣ ಬೇಕು ಅಂತ ಉಗಾಂಡಾದ ಆಸ್ಪತ್ರೆಯವರನ್ನು ಈಗಲೇ ಕೇಳಿ. ಹಳದಿ ಕಾರ್ಡ್‌ನಲ್ಲಿ ಮಾತ್ರ ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ನಂಬರ್ ಅಕ್ಷರ ಬಿಡದೆ ಬರೆಸಿ. ಕೇಂದ್ರದಿಂದ ಹೊರಬರುವ ಮೊದಲೇ ಅಲ್ಲೇ ಮೇಜಿನ ಪಕ್ಕ ನಿಂತು ಎರಡನ್ನೂ ಜೋಡಿಸಿ ಓದಿ, ಮುದ್ರೆ ಮತ್ತು ಸಹಿ ಇದೆಯಾ ನೋಡಿ. ಮನೆಗೆ ಬಂದ ಮೇಲೆ ತಪ್ಪು ಕಂಡರೆ ಮತ್ತೆ ಇನ್ನೊಂದು ದಿನಕ್ಕೆ ಸಮಯ ಗೊತ್ತುಮಾಡಿಕೊಂಡು ಹೋಗಬೇಕಾಗುತ್ತದೆ.